ಕೋಶಪೊರೆಯೊಳಗಿನ ಕತ್ತರಿ: ದೇಹದ ರಚನೆಯೂ ಮುಪ್ಪಿನ ಮರೆವೂ

ನಮ್ಮೆಲ್ಲರ ದೇಹವೂ ಒಂದೇ ಒಂದು ಜೀವಕೋಶದಿಂದ ಬೆಳೆದು ಬಂದುದು. ಆ ಕೋಶವು ಒಡೆದು ಕೋಟ್ಯನುಕೋಟಿಯಾಗುವಾಗ ಇದು ನರವಾಗಬೇಕು, ಇದು ಚರ್ಮವಾಗಬೇಕು, ಇದು ಎಲುಬಾಗಬೇಕು ಎಂಬುದು ಹೇಗೆ ನಿರ್ಧಾರವಾಗುತ್ತದೆ? ಕೋಶಗಳು ನೆರೆಯ ಕೋಶಗಳಿಗೆ ಸಂದೇಶ ಕಳುಹಿಸುತ್ತವೆ. ಆ ಸಂದೇಶಗಳನ್ನು ಬಿಡುಗಡೆ ಮಾಡುವ ಒಂದು ಬಗೆಯ ಕಿಣ್ವಗಳ ವಿಚಾರವನ್ನು ನಾವು ಈ ಸಂಚಿಕೆಯಲ್ಲಿ ತಿಳಿದುಕೊಳ್ಳೋಣ.

ಪ್ರತಿಯೊಂದು ಕೋಶಕ್ಕೂ ಕೊಬ್ಬಿನಂಶದಿಂದಾದ ತೆಳುವಾದ ಪೊರೆಯಿದೆ. ಅನೇಕ ಪ್ರೋಟೀನುಗಳು ಬಟ್ಟೆಗೆ ಚುಚ್ಚಿದ ಸೂಜಿಯಂತೆ ಈ ಪೊರೆಯಲ್ಲಿ ನಾಟಿಕೊಂಡಿರುತ್ತವೆ. ಕಿಣ್ವವೊಂದು ಪ್ರೋಟೀನನ್ನು ತುಂಡರಿಸಬೇಕಾದರೆ ನೀರು ಬೇಕು. ಪೊರೆಯ ಒಳಭಾಗವಾದರೋ ಎಣ್ಣೆಯಂತೆ ನೀರನ್ನು ದೂರವಿಡುತ್ತದೆ. ಆದುದರಿಂದ ಪೊರೆಯೊಳಗೇ ಕತ್ತರಿಸುವ ಕಿಣ್ವಗಳಿವೆಯೆಂಬುದು ವಿಜ್ಞಾನಿಗಳಿಗೂ ಅಚ್ಚರಿಯ ಸಂಗತಿಯಾಗಿತ್ತು. ಇವು ತಮ್ಮ ಒಡಲಲ್ಲಿ ನೀರಿಗಾಗಿ ಪುಟ್ಟ ಕುಳಿಯೊಂದನ್ನು ಇರಿಸಿಕೊಂಡಿರುತ್ತವೆ ಎಂಬುದು ಈಗ ತಿಳಿದಿದೆ.

ಇಂತಹ ಒಂದು ಕಿಣ್ವ ರೋಂಬಾಯ್ಡ್. ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣದಲ್ಲಿ ಇದು ಪೊರೆಗೆ ಅಂಟಿದ ಸಂದೇಶದ ಪ್ರೋಟೀನನ್ನು ಕತ್ತರಿಸಿ ಬಿಡುಗಡೆ ಮಾಡುತ್ತದೆಂದು 2001ರಲ್ಲಿ ಕೇಂಬ್ರಿಡ್ಜಿನ ಮ್ಯಾಥ್ಯೂ ಫ್ರೀಮನ್ ಮತ್ತು ಸಂಗಡಿಗರು ತೋರಿಸಿದರು. ಈ ಕಿಣ್ವವಿಲ್ಲದಿದ್ದರೆ ನೊಣದ ಭ್ರೂಣವು ಸರಿಯಾಗಿ ರೂಪುಗೊಳ್ಳುವುದಿಲ್ಲ.

ಮನುಷ್ಯರಲ್ಲಿಯೂ ಇರುವ ಇನ್ನೊಂದು ಕತ್ತರಿ ಗಾಮಾ ಸೆಕ್ರೆಟೇಸ್. ನೆರೆಯ ಕೋಶದ ಸಂದೇಶ ತಲುಪಿದೊಡನೆ ಇದು ಪೊರೆಯಲ್ಲಿರುವ ನಾಚ್ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಒಳಗಿನ ತುಂಡು ಕೋಶಕೇಂದ್ರಕ್ಕೆ ಸಾಗಿ, ಕೋಶವು ಮುಂದೆ ಏನಾಗಬೇಕೆಂಬುದನ್ನು ತಿಳಿಸುತ್ತದೆ. ಈ ಕತ್ತರಿಯ ಅಲಗು ಪ್ರಿಸೆನಿಲಿನ್. ಪ್ರಿಸೆನಿಲಿನ್-1 ಇಲ್ಲದ ಇಲಿಮರಿಗಳ ಬೆನ್ನೆಲುಬು, ಪಕ್ಕೆಲುಬುಗಳು ವಿಕಾರಗೊಂಡು, ಅವು ಹುಟ್ಟಿದೊಡನೆ ಸಾಯುತ್ತವೆ.

ದೇಹವನ್ನು ಕಟ್ಟುವ ಇದೇ ಕತ್ತರಿಗೆ ಮುಪ್ಪಿನ ಮರೆವಿನೊಡನೆಯೂ ನಂಟಿದೆ. ಅಲ್‌ಜೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ತುಣುಕನ್ನು ಕತ್ತರಿಸಿ ಬಿಡುವುದೂ ಇದೇ ಕಿಣ್ವ. ಪ್ರಿಸೆನಿಲಿನ್ ವಂಶವಾಹಿಯ ದೋಷದಿಂದ ಕೆಲವು ಮನೆತನಗಳಲ್ಲಿ ನಡುವಯಸ್ಸಿನಲ್ಲಿಯೇ ಈ ರೋಗ ಬರುವುದು 1995ರಲ್ಲಿ ತಿಳಿದುಬಂತು. ಇಂತಹ ಮನೆತನಗಳು ಬಹಳ ವಿರಳ.

ಹಾಗಾದರೆ ಕತ್ತರಿಯನ್ನೇ ತಡೆಯಬಾರದೇಕೆ? ಆ ಪ್ರಯತ್ನವೂ ನಡೆಯಿತು. ಸೆಮಗಾಸೆಸ್ಟಾಟ್ ಎಂಬ ಔಷಧಿಯ ಪರೀಕ್ಷೆಯನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ಸ್ಥಿತಿ ಇನ್ನಷ್ಟು ಕುಗ್ಗಿತು. ಚರ್ಮದ ಕ್ಯಾನ್ಸರ್ ಹೆಚ್ಚಿತು. ಬೆಳೆದ ದೇಹದಲ್ಲಿಯೂ ಚರ್ಮ, ಕರುಳುಗಳು ಹೊಸದಾಗುತ್ತಲೇ ಇರುವುದರಿಂದ ಅವುಗಳಿಗೆ ನಾಚ್ ಸಂದೇಶ ಬೇಕೇ ಬೇಕು.

ಇದರಿಂದ ನಾವು ತಿಳಿಯಬೇಕಾದುದು: ಮರೆವನ್ನು ಬೇರುಸಹಿತ ಕೀಳುತ್ತೇವೆಂಬ ಜಾಹೀರಾತುಗಳಿಗೆ ಮರುಳಾಗಬಾರದು. ಮನೆಯ ಹಿರಿಯರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ದಿನವೂ ಓಡಾಡುವ ದಾರಿಯನ್ನೇ ತಪ್ಪಿದರೆ, ವಯಸ್ಸಾಯಿತೆಂದು ಕಡೆಗಣಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಥೈರಾಯ್ಡ್ ದೋಷ, ಖಿನ್ನತೆ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಜೀವಸತ್ವದ ಕೊರತೆ ಇವುಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆಯುಂಟು. ಅಲ್‌ಜೈಮರ್ ಎಂದೇ ತಿಳಿದುಬಂದರೂ ಹಿರಿಯರನ್ನು ಗದರಿಸಬಾರದು. ಕೇಳಿದ್ದನ್ನೇ ಅವರು ಹತ್ತು ಸಲ ಕೇಳಿದರೂ ಹತ್ತು ಸಲವೂ ಸಮಾಧಾನದಿಂದ ಉತ್ತರಿಸೋಣ.