ಬಿಲ್ಲು ಓದೋಣ, ರೊಕ್ಕ ಕೊಡೋಣ

ನಾವು ಬನಹಟ್ಟಿಯವರು. ಮನೆಯಲ್ಲಿ ಕಂಡಿಕೆ ಸುತ್ತುತ್ತೇವೆ. ವಾರದ ಪಗಾರ ಬಂದ ಮೇಲೆ ಸಂತೆಗೆ ಹೋಗುತ್ತೇವೆ. ಸಂತೆಯಲ್ಲಿ ನಮಗೆ ಅಂಜಿಕೆ ಇಲ್ಲ. "ಎಷ್ಟ್ರಿ? ಜರಾ ಕಡಿಮಿ ಮಾಡ್ರಿ" ಅಂತೀವಿ.

ಒಮ್ಮೆ ಜಮಖಂಡಿಯ ಒಂದು ಅಂಗಡಿಗೆ ಹೋದೆವು. ಅಲ್ಲಿ ಮಶೀನಿನ ಬಿಲ್ಲು. ಮೂರು ಸಾಬೂನು, ಎರಡು ಕಿಲೋ ಸಕ್ಕರೆ ತೆಗೆದುಕೊಂಡೆವು.

"ಟೋಟಲ್ 230. ಕ್ಯಾಶಾ, ಸ್ಕ್ಯಾನಾ?" ಅಂದ ಹುಡುಗ.

ನಮಗೆ ತಿಳಿಯಲಿಲ್ಲ. ಕೇಳಲು ನಾಚಿಕೆ. 250 ಕೊಟ್ಟೆವು. 20 ರೂಪಾಯಿ ಬಂತು. ಸುಮ್ಮನೆ ಬಂದೆವು.

ಮನೆಯಲ್ಲಿ ಮಗಳು ಬಿಲ್ಲು ಓದಿದಳು. "ಯವ್ವಾ, ಸಾಬೂನು ನಾಕ್ ತಂದೀರೇನ?"

"ಇಲ್ಲವ್ವಾ, ಮೂರ."

"ಇಲ್ಲಿ ನಾಕ್ ಅಂತ ಐತಿ. 35 ರೂಪಾಯಿ ಹೆಚ್ಚಿಗಿ ಹೋಗೇತಿ."

ಮರುದಿನ ಬಿಲ್ಲು ಹಿಡಿದು ಹೋದೆವು. "ತಪ್ಪಾತ್ರಿ ಅಕ್ಕಾರ" ಅಂತ ಹುಡುಗ 35 ರೂಪಾಯಿ ತಿರುಗಿ ಕೊಟ್ಟ. ಬಿಲ್ಲು ಇತ್ತು. ಅದಕ್ಕೇ ರೊಕ್ಕ ಬಂತು. ಅವತ್ತೇ ಈ ಮಾತುಗಳನ್ನು ಕಲಿತೆವು.

ಈ ಮಾತು ಕಲಿಯೋಣ

ಕ್ವಾಂಟಿಟಿ – ಎಷ್ಟು ತೆಗೆದುಕೊಂಡೆವು
ರೇಟ್ – ಒಂದರ ಬೆಲೆ
ಅಮೌಂಟ್ – ಅದರ ಮೊತ್ತ
ಟೋಟಲ್ – ಎಲ್ಲ ಸೇರಿ ಒಟ್ಟು
ಡಿಸ್ಕೌಂಟ್ – ಬಿಟ್ಟುಕೊಟ್ಟ ರೊಕ್ಕ
ಕ್ಯಾಶ್ – ನಗದು
ಚೇಂಜ್ – ಚಿಲ್ಲರೆ

ದುಡಿಯಲು ಬೆಂಗಳೂರು, ಪುಣೆಗೆ ಹೋದ ಮಕ್ಕಳ ಮನೆಗೆ ನಾವೂ ಹೋಗುತ್ತೇವೆ. ಅಲ್ಲಿ ಹೀಗೆ ಕೇಳಬಹುದು:

"ಹೌ ಮಚ್?" – ಎಷ್ಟಾತು?
"ಬಿಲ್ ಪ್ಲೀಸ್." – ಬಿಲ್ಲು ಕೊಡ್ರಿ.
"ಚೇಂಜ್ ಪ್ಲೀಸ್." – ಚಿಲ್ಲರ ಕೊಡ್ರಿ.

ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅಂಕಿ ಬರುತ್ತದೆ. ಲೆಕ್ಕ ಮಾಡಿ ನೋಡೋಣ. ಸಾಬೂನು 3, ಒಂದಕ್ಕೆ 35. ಆಯಿತು 105. ಸಕ್ಕರೆ 2 ಕಿಲೋ, ಕಿಲೋಕ್ಕೆ 45. ಆಯಿತು 90. ಒಟ್ಟು 195. 250 ಕೊಟ್ಟರೆ 55 ತಿರುಗಿ ಬರಬೇಕು.

ನೆನಪಿಡೋಣ

ಪಾಕೀಟಿನ ಮೇಲೆ ಎಂ.ಆರ್.ಪಿ. ಎಂದು ಬೆಲೆ ಇರುತ್ತದೆ. ಅದರಲ್ಲಿ ಎಲ್ಲ ತೆರಿಗೆ ಸೇರಿದೆ. ಅದಕ್ಕಿಂತ ಕಡಿಮೆಗೆ ಮಾರಬಹುದು. ಹೆಚ್ಚಿಗೆ ಮಾರುವಂತಿಲ್ಲ. "ಟ್ಯಾಕ್ಸ್ ಬ್ಯಾರೆ ಕೊಡ್ರಿ" ಅಂದರೆ ಕೊಡಬೇಕಾಗಿಲ್ಲ.

ಫೋನಿನಿಂದ ರೊಕ್ಕ ಕೊಡುವ ಯು.ಪಿ.ಐ. 2016ರಲ್ಲಿ ಶುರುವಾಯಿತು. ಸ್ಕ್ಯಾನ್ ಮಾಡಿದ ಮೇಲೆ ಹೆಸರು, ಮೊತ್ತ ಎರಡೂ ನೋಡಬೇಕು. ಆಮೇಲೆ ಪಿನ್ ಒತ್ತಬೇಕು. ರೊಕ್ಕ ಕೊಡಲು ಮಾತ್ರ ಪಿನ್ ಬೇಕು. ರೊಕ್ಕ ಪಡೆಯಲು ಪಿನ್ ಬೇಡ. "ನಿಮಗ ರೊಕ್ಕ ಬರತೈತಿ, ಪಿನ್ ಒತ್ರಿ" ಅಂದರೆ ಅದು ಮೋಸ.

ಅಂಗಡಿಯವರು ಮಾತು ಕೇಳದಿದ್ದರೆ ಗ್ರಾಹಕರ ಸಹಾಯವಾಣಿ ಇದೆ. ಅದರ ನಂಬರ್ 1915. ದೂರು ಹೇಳಲು ಬಿಲ್ಲು ಬೇಕು. ಬಿಲ್ಲು ಎಸೆಯಬಾರದು.

ಕೇಳಲು ನಾಚಿಕೆ ಯಾಕೆ? ರೊಕ್ಕ ನಮ್ಮದು. ದುಡಿದ ಕೈ ನಮ್ಮದು.

ಅಭ್ಯಾಸ

1. ನಿಮ್ಮ ಮನೆಯ ಒಂದು ಬಿಲ್ಲು ತನ್ನಿ. ಟೋಟಲ್ ಎಲ್ಲಿದೆ, ತೋರಿಸಿ.
2. ಎಣ್ಣೆ ಪಾಕೀಟಿನ ಎಂ.ಆರ್.ಪಿ. ಓದಿ, ಬರೆಯಿರಿ.
3. ಒಬ್ಬರು ಅಂಗಡಿಯವರಾಗಿ, ಒಬ್ಬರು ಗಿರಾಕಿಯಾಗಿ ಮಾತಾಡಿ.