ವಿದ್ಯುತ್ತಿಗೂ ನೆಲಕ್ಕೂ ಏನು ನಂಟು?

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ೧೯೦೫ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪಗಳು ಬಂದವು. ಕ್ರಮೇಣ ಅದು ಹಳ್ಳಿಗಳನ್ನೂ ಮುಟ್ಟಿ, ನಮ್ಮ ಹೊಲದ ಬಾವಿಗೂ ಪಂಪು ಬಂದಿತು. ಆದರೆ ಪಂಪಿನಿಂದ ನೆಲಕ್ಕೆ ಇಳಿದಿದ್ದ ಅರ್ಥಿಂಗ್ ತಂತಿ ಏತಕ್ಕೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಮ್ಮೆ ಉಳುವಾಗ ಅದು ತುಂಡಾಯಿತು, ಯಾರೂ ಜೋಡಿಸಲಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಪಂಪನ್ನು ಮುಟ್ಟಿದ ಅಪ್ಪನನ್ನು ಕರೆಂಟು ಎತ್ತಿ ಎಸೆಯಿತು. ಪ್ರಾಣ ಉಳಿದದ್ದೇ ಪುಣ್ಯ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಅಂದಿನಿಂದ ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಇಲ್ಲಿ ಅರಿಕೆಮಾಡುತ್ತೇನೆ.

'ಭೂಮಿತಾಯಿ ಕರೆಂಟನ್ನು ನುಂಗಿಬಿಡುತ್ತಾಳೆ' ಎಂದು ಹಲವರ ನಂಬಿಕೆ. ಅದು ಸರಿಯಲ್ಲ. ವಿದ್ಯುತ್ತು ತಾನು ಹೊರಟ ಸ್ಥಳಕ್ಕೆ ಹಿಂದಿರುಗಲೇಬೇಕು. ಊರಿನ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ. ನ್ಯೂಟ್ರಲನ್ನು ಅಲ್ಲಿಯೇ ನೆಲಕ್ಕೆ ಸೇರಿಸಿರುತ್ತಾರೆ. ಇದರಿಂದ ಫೇಸ್ ತಂತಿಗೂ ನೆಲಕ್ಕೂ ನಡುವಣ ಒತ್ತಡ ಸುಮಾರು ೨೩೦ ವೋಲ್ಟಿನಲ್ಲಿ ನಿಲ್ಲುತ್ತದೆ. ಹೀಗೆ ಸೇರಿಸದಿದ್ದರೆ, ೧೧,೦೦೦ ವೋಲ್ಟಿನ ಸುತ್ತು ಎಂದಾದರೂ ಕೆಳ ಒತ್ತಡದ ಸುತ್ತಿಗೆ ತಗುಲಿದಾಗ ಆ ಭಾರಿ ಒತ್ತಡ ನೇರವಾಗಿ ಮನೆಗಳಿಗೇ ನುಗ್ಗೀತು.

ಪಂಪಿನ ಮೈಯನ್ನು ನೆಲಕ್ಕೆ ಜೋಡಿಸುವುದು ಎರಡನೆಯ ಕೆಲಸ. ಒಳಗಿನ ತಂತಿಯ ಹೊದಿಕೆ ಸವೆದು ಫೇಸ್ ಪಂಪಿನ ಮೈಗೆ ತಗುಲಿದರೆ, ವಿದ್ಯುತ್ತು ಅರ್ಥಿಂಗ್ ತಂತಿಯಲ್ಲಿ ಇಳಿದು, ನೆಲದ ಮೂಲಕ ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗುತ್ತದೆ. ಪ್ರವಾಹ ಸಾಕಷ್ಟು ಹೆಚ್ಚಿದರೆ ಫ್ಯೂಸ್ ಸುಟ್ಟು ಪಂಪು ನಿಲ್ಲುತ್ತದೆ. ತಂತಿ ತುಂಡಾಗಿದ್ದರೆ ಮುಟ್ಟಿದ ಮನುಷ್ಯನೇ ದಾರಿಯಾಗುತ್ತಾನೆ. ನಮ್ಮ ಅಪ್ಪನಿಗೆ ಆದದ್ದು ಇದೇ.

ತಂತಿ ಇದ್ದ ಮಾತ್ರಕ್ಕೆ ಸಾಲದು. ಆ ಇಡೀ ದಾರಿ ಒಡ್ಡುವ ಅಡ್ಡಿ ೨೩ ಓಮ್ ಇದ್ದರೆ, ೨೩೦ ವೋಲ್ಟಿಗೆ ಹರಿಯುವುದು ೧೦ ಆಂಪಿಯರ್ ಮಾತ್ರ. ೧೫ ಆಂಪಿಯರಿನ ಫ್ಯೂಸ್ ಹೋಗುವುದಿಲ್ಲ, ಪಂಪಿನ ಮೈಯಲ್ಲಿ ಕರೆಂಟು ಇದ್ದೇ ಇರುತ್ತದೆ. ಒಣನೆಲದಲ್ಲಿ ಈ ಅಡ್ಡಿ ಹೆಚ್ಚು. ಆದುದರಿಂದಲೇ ಅರ್ಥಿಂಗ್ ಗುಂಡಿಗೆ ಇದ್ದಲು, ಉಪ್ಪು ತುಂಬಿ, ಬೇಸಗೆಯಲ್ಲಿ ನೀರೆರೆಯುವುದು. ಇದರ ಜೊತೆಗೆ, ೩೦ ಮಿಲಿಆಂಪಿಯರಿನಷ್ಟು ಸೋರಿದರೂ ಕ್ಷಣದಲ್ಲಿ ಕರೆಂಟನ್ನು ಕಡಿಯುವ ಸ್ವಿಚ್ಚುಗಳೂ ಈಗ ಬಂದಿವೆ.

ಈಗ ಅಪ್ಪ ಬೇಸಗೆಯಲ್ಲಿ ತಪ್ಪದೆ ಆ ಗುಂಡಿಗೆ ಎರಡು ಕೊಡ ನೀರು ಹೊಯ್ಯುತ್ತಾರೆ. ಮಿತ್ರರೇ, ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಪಂಪಿನ ಅರ್ಥಿಂಗ್ ತಂತಿಯನ್ನೊಮ್ಮೆ ದೂರದಿಂದಲೇ ನೋಡಿರಿ. ತುಂಡಾಗಿದ್ದರೆ ಮೈನ್ ಸ್ವಿಚ್ಚು ಆರಿಸಿ, ಬಲ್ಲವರಿಂದ ಸರಿಪಡಿಸಿರಿ. ಕಲಿತವರು ಮನೆಗೆ ಕೊಂಡೊಯ್ಯಬೇಕಾದ ವಿದ್ಯೆಗಳಲ್ಲಿ ಇದೂ ಒಂದು.