ಅಂಕಿಗೆ ಮೀರಿದ ಮಾತು ಬೇಡ

ನೋಡಮ್ಮಾ, ಗುದನಾಳದ ಕ್ಯಾನ್ಸರಿನಲ್ಲಿ ಹೊಸದಾಗಿ ಹುಟ್ಟುವ ರಕ್ತನಾಳಗಳನ್ನು ಕಾಂಟ್ರಾಸ್ಟ್ ಎಂಆರ್‌ಐಯಿಂದ ಅಳೆಯುವ ವಿಷಯವನ್ನು ಥೀಸಿಸ್‌ಗೆ ಹಿಡಿದಿದ್ದೀಯ. ಒಳ್ಳೆಯ ವಿಷಯ. ಕೆಲಸಕ್ಕೆ ಕೈ ಹಾಕುವ ಮುಂಚೆ ನಾಲ್ಕು ಮಾತು ಕೇಳಿಸಿಕೋ.

ಹೊಸ ರಕ್ತನಾಳಗಳಿಲ್ಲದೆ ಗೆಡ್ಡೆ ಎರಡು-ಮೂರು ಮಿಲಿಮೀಟರ್ ದಾಟಿ ಬೆಳೆಯಲಾರದು ಎಂದು ಜೂಡಾ ಫೋಕ್‌ಮನ್ 1971ರಲ್ಲೇ ವಾದಿಸಿದ್ದರು. ಆ ನಾಳಗಳಿಗೆ ಕುಮ್ಮಕ್ಕು ಕೊಡುವ ವಿಇಜಿಎಫ್ ಪ್ರೋಟೀನನ್ನು ತಡೆಯುವ ಬೆವಸಿಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದೂ ಬೇರೆಡೆಗೆ ಹರಡಿದ ಕರುಳಿನ ಕ್ಯಾನ್ಸರಿಗೇ. ರಕ್ತನಾಳಗಳ ಹದವನ್ನು ಗೆಡ್ಡೆಯನ್ನು ಕತ್ತರಿಸದೆ ತಿಳಿಯುವ ಆಸೆ ಬಲಿತದ್ದು ಹೀಗೆ.

ಒಂದು ಮಾತು ಮಾತ್ರ ಮರೆಯಬೇಡ. ಈ ನಾಳಗಳು ಕೂದಲಿಗಿಂತ ಸಣ್ಣವು, ಅವು ಎಂಆರ್‌ಐಗೆ ಕಾಣುವುದಿಲ್ಲ. ನಿನಗೆ ಕಾಣುವುದು ಕಾಂಟ್ರಾಸ್ಟಾಗಿ ಕೊಟ್ಟ ಗ್ಯಾಡೊಲಿನಿಯಂ ಎಷ್ಟು ಬೇಗ ಬಂತು, ಎಷ್ಟು ಸೋರಿತು, ಎಷ್ಟು ಬೇಗ ಹಿಂದಿರುಗಿತು ಎಂಬುದಷ್ಟೇ. ಗೆಡ್ಡೆಯ ನಾಳಗಳು ಅವಸರದಲ್ಲಿ ತೋಡಿದ ಕಾಲುವೆಯಂತೆ, ದಂಡೆ ಗಟ್ಟಿಯಿಲ್ಲ, ಎಲ್ಲೆಂದರಲ್ಲಿ ಒಸರುತ್ತವೆ. ಆ ಒಸರಿಗೆ ಟಾಫ್ಟ್ಸ್ ಎಂಬ ವಿಜ್ಞಾನಿಯ ಲೆಕ್ಕ ಕೊಡುವ ಅಂಕಿ ಕೆ-ಟ್ರಾನ್ಸ್. ಅದು ಏರಿದರೆ ರಕ್ತದ ಹರಿವು ಹೆಚ್ಚಿರಬಹುದು, ನಾಳದ ಗೋಡೆ ಸಡಿಲವಾಗಿರಬಹುದು, ಎರಡೂ ಇರಬಹುದು. ಕಾರಣ ಯಾವುದೆಂದು ಅಂಕಿ ತಾನಾಗಿ ಹೇಳದು. ವಿಕಿರಣ ಚಿಕಿತ್ಸೆಯ ಮೊದಲ ವಾರಗಳಲ್ಲಿ ಉರಿಯೂತದಿಂದಲೂ ಏರೀತು. ಆದ್ದರಿಂದ "ನಾಳಗಳು ಹೆಚ್ಚಿವೆ" ಎಂದು ರಿಪೋರ್ಟಿನಲ್ಲಿ ಬರೆಯಬೇಡ, "ಕೆ-ಟ್ರಾನ್ಸ್ ಹೆಚ್ಚಿದೆ" ಎಂದು ಬರೆ.

ಪೆಥಾಲಜಿಯವರು ಸಿಡಿ34 ಬಣ್ಣ ಹಾಕಿ ನಾಳಗಳನ್ನು ಎಣಿಸಿಕೊಡುತ್ತಾರೆ. ಅವರ ಎಣಿಕೆಗೂ ನಿನ್ನ ಅಂಕಿಗೂ ತಾಳೆಯಾಗದಿದ್ದರೆ ಗಾಬರಿಯಾಗಬೇಡ, ಇದು ಹೊಸ ಸಂಗತಿಯಲ್ಲ. ಅವರು ನಾಳ ಎಣಿಸುತ್ತಾರೆ, ನೀನು ಸೋರಿಕೆ ಅಳೆಯುತ್ತೀಯ. ಅವರ ಬಯಾಪ್ಸಿ ಚೂರು ಗೆಡ್ಡೆಯ ಮೇಲ್ಪದರದ್ದು, ನಿನ್ನದು ಇಡೀ ಗೆಡ್ಡೆ. ತಾಳೆಯಾಗದ ಫಲಿತಾಂಶವನ್ನೂ ಹಾಗೇ ಬರೆ, ಒಪ್ಪವಾಗಿಸಲು ಹೋಗಬೇಡ.

ಇನ್ನು ಅಳತೆಯ ಶಿಸ್ತು. ಕಾಂಟ್ರಾಸ್ಟ್ ಕೊಡುವ ಮುಂಚೆ ಟಿ1 ಮ್ಯಾಪ್ ತೆಗೆ. ಕೆಲವೇ ಸೆಕೆಂಡಿಗೊಂದರಂತೆ ಚಿತ್ರ ಬರಲಿ, ನಿಧಾನವಾದರೆ ಅಪಧಮನಿಯಲ್ಲಿ ಕಾಂಟ್ರಾಸ್ಟಿನ ಮೊದಲ ಏರು ಕೈತಪ್ಪುತ್ತದೆ, ಆಮೇಲಿನ ಲೆಕ್ಕವೆಲ್ಲ ಹಳಿ ತಪ್ಪುತ್ತದೆ. ಕರುಳು ಅಲುಗಾಡದಂತೆ ಔಷಧ ಕೊಡಿಸು. ಗಾಳಿ, ಲೋಳೆ, ಕೊಳೆತ ಭಾಗಗಳನ್ನು ಬಿಟ್ಟು ಗೆಡ್ಡೆಯ ಗಡಿ ಗುರುತಿಸು. ಅದೇ ಗಡಿಯನ್ನು ಇನ್ನೊಬ್ಬರಿಂದಲೂ ಹಾಕಿಸು. ಒಂದು ಮೆಷಿನ್ನಿನ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕಕ್ಕಿಟ್ಟು ತೀರ್ಪು ಕೊಡಬೇಡ.

ಸೂಜಿ ಚುಚ್ಚುವ ಮೊದಲು ಕಿಡ್ನಿಯ ರಿಪೋರ್ಟ್ ನೋಡು. ಕಿಡ್ನಿ ತೀರಾ ಸೋತವರಿಗೆ ಹಳೆಯ ಬಗೆಯ ಕೆಲವು ಗ್ಯಾಡೊಲಿನಿಯಂ ಔಷಧಗಳಿಂದ ಚರ್ಮ ಗಡುಸಾಗಿ ಕೀಲು ಹಿಡಿದುಕೊಳ್ಳುವ ಕಾಯಿಲೆ ಬರಬಹುದೆಂದು 2006ರಲ್ಲಿ ಗೊತ್ತಾಯಿತು. ಥೀಸಿಸ್‌ಗಾಗಿ ಯಾರನ್ನೂ ಆ ಅಪಾಯಕ್ಕೆ ಒಡ್ಡಬೇಡ.

ಕೊನೆಯದಾಗಿ, ಸರ್ಜನ್‌ಗೆ ಮೊದಲು ಬೇಕಾದದ್ದು ಕೆ-ಟ್ರಾನ್ಸ್ ಅಲ್ಲ. ಗೆಡ್ಡೆಗೂ ಗುದನಾಳದ ಸುತ್ತಲಿನ ಕೊಬ್ಬನ್ನು ಸುತ್ತುವರಿದ ಪೊರೆಗೂ ಎಷ್ಟು ಅಂತರ, ಅದು ಒಂದು ಮಿಲಿಮೀಟರಿಗಿಂತ ಕಡಿಮೆಯೇ, ಗುದನಾಳದ ಗೋಡೆಯ ಹೊರಗಿನ ಸಿರೆಯೊಳಗೆ ಗೆಡ್ಡೆ ನುಗ್ಗಿದೆಯೇ? ಇದಕ್ಕೆಲ್ಲ ಉತ್ತರ ಕಾಂಟ್ರಾಸ್ಟ್ ಇಲ್ಲದ ಟಿ2 ಚಿತ್ರಗಳಲ್ಲೇ ಇದೆ. ಯುರೋಪಿನ ತಜ್ಞರ ಸಲಹೆಯಲ್ಲೂ ಕಾಂಟ್ರಾಸ್ಟ್ ಎಂಆರ್‌ಐ ದಿನನಿತ್ಯದ ಪರೀಕ್ಷೆಯಾಗಿಲ್ಲ, ಸಂಶೋಧನೆಯ ಮಟ್ಟದಲ್ಲೇ ಇದೆ. ಹಾಗಾಗಿ ಟಿ2 ಓದುವುದನ್ನು ಮೊದಲು ಚೆನ್ನಾಗಿ ಕಲಿ, ಕೆ-ಟ್ರಾನ್ಸ್ ಆಮೇಲೆ ಅಳೆ, ಅಳೆದದ್ದನ್ನಷ್ಟೇ ಹೇಳು.